ಕರುಳಿನ ಶಸ್ತ್ರಚಿಕಿತ್ಸೆಯ ನಂತರ: ಉಳಿದ ಕರುಳಿನೊಂದಿಗೆ ಬದುಕುವ ಕ್ರಮ, ಮರುಜೋಡಣೆಯ ದಾರಿಗಳು

ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆದಾಗ ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಗುದನಾಳದ ಬಹುಭಾಗವನ್ನು ತೆಗೆದು, ದೊಡ್ಡಕರುಳಿನ ತುದಿಯನ್ನು ಕೆಳಗೆ ತಂದು ಜೋಡಿಸಿದರು. ಆ ಹೊಲಿಗೆ ಮಾಯುವ ತನಕ ಮಲ ಅತ್ತ ಹೋಗದಿರಲೆಂದು ಹೊಟ್ಟೆಯ ಬಲಭಾಗದಲ್ಲಿ ಸಣ್ಣಕರುಳಿನ ಒಂದು ಮಡಿಕೆಯನ್ನು ಹೊರಗೆ ತಂದು ಚೀಲ ಅಂಟಿಸಿದರು. ಕಿಮೋಥೆರಪಿ ಮುಗಿಯುವವರೆಗೆ, ಅಂದರೆ ಏಳು ತಿಂಗಳು, ಆ ಚೀಲ ನನ್ನೊಂದಿಗಿತ್ತು. ಕರುಳನ್ನು ಮತ್ತೆ ಒಳಗೆ ಸೇರಿಸಿ ಅದನ್ನು ಮುಚ್ಚಿದ ದಿನ ಎಲ್ಲವೂ ಮೊದಲಿನಂತಾಗುತ್ತದೆಂದು ಮನೆಯವರೆಲ್ಲ ನಂಬಿದ್ದೆವು. ಆಮೇಲೆ ದಿನಕ್ಕೆ ಹದಿನಾಲ್ಕು ಬಾರಿ ಶೌಚಕ್ಕೆ ಓಡುವ ತಿಂಗಳುಗಳು ಬಂದವು. ಒಬ್ಬ ವೈದ್ಯರು ‘ಇದು ಹೀಗೆಯೇ, ಹೊಂದಿಕೊಳ್ಳಿ’ ಎಂದರು. ಇನ್ನೊಬ್ಬರು ಮರುವಾರವೇ ಮತ್ತೊಂದು ಆಪರೇಷನ್ ಮಾಡೋಣ ಎಂದರು. ಎರಡೂ ತಪ್ಪಾಗಿತ್ತೆಂದು ಈಗ ತಿಳಿದಿದೆ.

ಕರುಳಿನಲ್ಲಿ ಏನು ಹೋಗಿದೆ, ಏನು ಉಳಿದಿದೆ ಎಂಬ ಲೆಕ್ಕ ಕೈಯಲ್ಲಿರಬೇಕು; ಉಳಿದದ್ದರಿಂದ ಎಷ್ಟು ಕೆಲಸ ತೆಗೆಯಬಹುದೆಂದು ಕ್ರಮವಾಗಿ ಪರೀಕ್ಷಿಸಿರಬೇಕು. ಇವೆರಡೂ ಆಗದೆ ‘ಇನ್ನೇನೂ ಮಾಡಲಾಗದು’ ಎಂಬ ಮಾತನ್ನೂ ಒಪ್ಪಬಾರದು, ಎರಡನೆಯ ಶಸ್ತ್ರಚಿಕಿತ್ಸೆಗೂ ಒಪ್ಪಬಾರದು. ಕೆಳಗಿನ ಹೆಜ್ಜೆಗಳನ್ನು ಅದೇ ಅನುಕ್ರಮದಲ್ಲಿ ಬರೆದಿದ್ದೇನೆ. ಔಷಧಿಯ ಪ್ರಮಾಣವನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಆದರೆ ಅವರ ಮುಂದೆ ಕುಳಿತಾಗ ಏನು ಕೇಳಬೇಕೆಂಬುದು ರೋಗಿಗೂ ಮನೆಯವರಿಗೂ ಗೊತ್ತಿರಲೇಬೇಕು.

ಹೆಜ್ಜೆ 1: ಆಪರೇಷನ್ ನೋಟ್ ತರಿಸಿಕೊಳ್ಳಿ

ನಮ್ಮಲ್ಲಿ ಹೆಚ್ಚಿನವರ ಕಡತದಲ್ಲಿ ಇರುವುದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಅದರಲ್ಲಿ ಶಸ್ತ್ರಚಿಕಿತ್ಸೆಯ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಬೇಕಾದದ್ದು ಶಸ್ತ್ರಚಿಕಿತ್ಸಕರು ಥಿಯೇಟರಿನಿಂದ ಹೊರಬಂದ ಮೇಲೆ ಬರೆದಿಡುವ ಆಪರೇಷನ್ ನೋಟ್ ಮತ್ತು ಅದರ ಜೊತೆಗೆ ಬಯಾಪ್ಸಿ ವರದಿ. ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಭಾರತದ ವೈದ್ಯರಿಗೆ ಅನ್ವಯಿಸುವ 2002ರ ವೃತ್ತಿನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದ 72 ಗಂಟೆಗಳೊಳಗೆ ಕೊಡಬೇಕು. ಆದ್ದರಿಂದ ತಡಮಾಡಬೇಡಿ, ಮೂರು ವರ್ಷ ಕಳೆದ ಮೇಲೆ ಹೋದರೆ ಕಡತವೇ ಇಲ್ಲ ಎಂಬ ಉತ್ತರ ಬರಬಹುದು.

ಆ ಕಾಗದದಲ್ಲಿ ಹುಡುಕಬೇಕಾದ ಸಂಗತಿಗಳು ಇವು. ಸಣ್ಣಕರುಳನ್ನು ತೆಗೆದಿದ್ದರೆ ಎಷ್ಟು ಸೆಂಟಿಮೀಟರ್ ತೆಗೆದರು ಎನ್ನುವುದಕ್ಕಿಂತ ಎಷ್ಟು ಉಳಿದಿದೆ ಎನ್ನುವುದು ಮುಖ್ಯ, ಏಕೆಂದರೆ ಸಣ್ಣಕರುಳಿನ ಉದ್ದ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ. ಕೆಲವರಲ್ಲಿ ಮೂರು ಮೀಟರಿನ ಆಸುಪಾಸು, ಕೆಲವರಲ್ಲಿ ಎಂಟು ಮೀಟರಿನ ಹತ್ತಿರ ಇರುತ್ತದೆ. ತೆಗೆದ ಭಾಗ ಮೇಲಿನದೋ ಕೆಳಗಿನದೋ, ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದ ಕವಾಟ ಉಳಿದಿದೆಯೋ ಇಲ್ಲವೋ, ದೊಡ್ಡಕರುಳು ಎಷ್ಟು ಉಳಿದಿದೆ, ಅದು ಈಗ ದಾರಿಯಲ್ಲಿ ಜೋಡಣೆಯಾಗಿದೆಯೋ ಅಥವಾ ಕೆಲಸವಿಲ್ಲದೆ ಬದಿಗೆ ಉಳಿದಿದೆಯೋ ಎಂಬುದನ್ನು ಗುರುತು ಹಾಕಿಕೊಳ್ಳಿ. ಗುದನಾಳದ ಶಸ್ತ್ರಚಿಕಿತ್ಸೆ ಆದವರು ಹೊಲಿಗೆ ಗುದದ್ವಾರದಿಂದ ಎಷ್ಟು ಮೇಲಿದೆ ಎಂದು ನೋಡಬೇಕು. ರೇಡಿಯೇಷನ್ ಪಡೆದಿದ್ದರೆ ಅದನ್ನೂ ಸೇರಿಸಬೇಕು. ಒಂದು ಹಾಳೆಯಲ್ಲಿ ಉಳಿದ ಕರುಳಿನ ಚಿತ್ರವನ್ನು ಶಸ್ತ್ರಚಿಕಿತ್ಸಕರ ಕೈಯಿಂದಲೇ ಬರೆಸಿಕೊಳ್ಳುವುದು ಉತ್ತಮ. ನನ್ನ ಹಾಳೆ ಚೀಟಿಯ ಹಿಂಬದಿಯದು, ಬಾಲ್‌ಪೆನ್ನಿನ ನಾಲ್ಕು ಗೆರೆ. ಆಮೇಲೆ ಹೋದ ಪ್ರತಿಯೊಬ್ಬ ವೈದ್ಯರೂ ಮೊದಲು ಕೈಗೆತ್ತಿಕೊಂಡದ್ದು ಅದನ್ನೇ.

ಈ ವಿವರ ಏಕೆ ಬೇಕೆಂದರೆ, ಕರುಳಿನ ಪ್ರತಿ ಭಾಗಕ್ಕೂ ಬೇರೆ ಕೆಲಸವಿದೆ. ಸಣ್ಣಕರುಳಿನ ಕೊನೆಯ ಭಾಗವು ಬಿ12 ಜೀವಸತ್ವವನ್ನೂ ಪಿತ್ತದ ಲವಣಗಳನ್ನೂ ಹೀರುತ್ತದೆ. ದೊಡ್ಡಕರುಳು ನೀರನ್ನೂ ಉಪ್ಪನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಗುದನಾಳವು ಮಲವನ್ನು ಹಿಡಿದಿಟ್ಟು, ಬಂದಿರುವುದು ಗಾಳಿಯೋ ಮಲವೋ ಎಂದು ತಿಳಿಸುತ್ತದೆ. ಉಳಿದ ಸಣ್ಣಕರುಳು 200 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದನ್ನು ಗಿಡ್ಡಕರುಳಿನ ಸ್ಥಿತಿ ಎನ್ನುತ್ತಾರೆ. ಕರುಳು ಚೀಲಕ್ಕೆ ಮುಗಿಯುವವರಲ್ಲಿ ಸುಮಾರು 100 ಸೆಂಟಿಮೀಟರಿಗಿಂತ ಕಡಿಮೆ, ದೊಡ್ಡಕರುಳಿಗೆ ಜೋಡಣೆಯಾದವರಲ್ಲಿ ಸುಮಾರು 50 ಸೆಂಟಿಮೀಟರಿಗಿಂತ ಕಡಿಮೆ ಉಳಿದಿದ್ದರೆ ರಕ್ತನಾಳದ ಮೂಲಕ ಪೋಷಣೆ ದೀರ್ಘಕಾಲ ಬೇಕಾಗುವ ಸಂಭವ ಹೆಚ್ಚು. ದೊಡ್ಡಕರುಳಿನ ಬೆಲೆ ಎಷ್ಟೆಂಬುದು ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸದಿಂದಲೇ ತಿಳಿಯುತ್ತದೆ.

ಹೆಜ್ಜೆ 2: ಎರಡು ವಾರ ಲೆಕ್ಕ ಬರೆಯಿರಿ

ವೈದ್ಯರ ಬಳಿ ‘ತುಂಬಾ ಸಲ ಹೋಗಬೇಕಾಗುತ್ತದೆ ಸಾರ್’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹದಿನಾಲ್ಕು ದಿನ ಒಂದು ನೋಟುಬುಕ್ಕಿನಲ್ಲಿ ಗಂಟೆ ಹಾಕಿ ಬರೆಯಿರಿ: ಏನು ತಿಂದಿರಿ, ಎಷ್ಟು ಕುಡಿದಿರಿ, ಯಾವಾಗ ಹೋದಿರಿ, ಗಟ್ಟಿಯೋ ನೀರೋ, ರಾತ್ರಿ ಎದ್ದಿರೋ, ಬಟ್ಟೆಗೆ ಸೋರಿತೋ. ಚೀಲ ಇರುವವರು ಬಚ್ಚಲಲ್ಲಿ ಅಳತೆಯ ಗೆರೆಗಳಿರುವ ಒಂದು ಪ್ಲಾಸ್ಟಿಕ್ ಜಗ್ ಪ್ರತ್ಯೇಕವಾಗಿಟ್ಟು, ಪ್ರತಿ ಸಲ ಚೀಲ ಖಾಲಿ ಮಾಡುವಾಗಲೂ ಅಳೆಯಬೇಕು, ಮೂತ್ರವನ್ನೂ ಅಳೆಯಬೇಕು. ಸಣ್ಣಕರುಳಿನ ಚೀಲದಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನ ಆಸುಪಾಸು ಬಂದರೆ ಅದು ಸಹಜ. ಒಂದೂವರೆ ಲೀಟರ್ ದಾಟಿದರೆ ಚಿಕಿತ್ಸೆ ಬೇಕು. ವಾರಕ್ಕೊಮ್ಮೆ ಬೆಳಿಗ್ಗೆ ಅದೇ ತೂಕದ ಯಂತ್ರದಲ್ಲಿ ತೂಕ ನೋಡಿ.

ಗುದನಾಳ ತೆಗೆದವರ ತೊಂದರೆಗೆ ವೈದ್ಯರು ‘ಲಾರ್ಸ್’ ಎಂದು ಕರೆಯುತ್ತಾರೆ. ಅದರ ತೀವ್ರತೆಯನ್ನು ಅಳೆಯಲು ಡೆನ್ಮಾರ್ಕಿನಲ್ಲಿ ರೂಪಿಸಿ 2012ರಲ್ಲಿ ಪ್ರಕಟಿಸಿದ ಐದು ಪ್ರಶ್ನೆಗಳ ಪಟ್ಟಿಯೊಂದಿದೆ. ಗಾಳಿ ತಡೆಯಲಾಗದಿರುವುದು, ನೀರಾದ ಮಲ ಸೋರುವುದು, ದಿನಕ್ಕೆ ಎಷ್ಟು ಸಲ, ಒಮ್ಮೆ ಹೋಗಿ ಬಂದು ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದು, ತಡೆಯಲಾರದ ಅವಸರ – ಇವಿಷ್ಟೇ ಪ್ರಶ್ನೆಗಳು. ಒಟ್ಟು 42 ಅಂಕ. 20ರವರೆಗೆ ತೊಂದರೆ ಇಲ್ಲವೆಂದೂ, 21ರಿಂದ 29 ಸೌಮ್ಯವೆಂದೂ, 30 ಮತ್ತು ಅದಕ್ಕೂ ಮೇಲೆ ತೀವ್ರವೆಂದೂ ಎಣಿಸುತ್ತಾರೆ. ಚೀಲ ಮುಚ್ಚಿದ ಮೂರನೆಯ ತಿಂಗಳಲ್ಲಿ ನನ್ನ ಅಂಕ 39. ಆ ಸಂಖ್ಯೆಯನ್ನು ಹೇಳಿದ ಮೇಲೆಯೇ ನನ್ನ ಮಾತನ್ನು ಒಂದು ಕಾಯಿಲೆಯಾಗಿ ಕೇಳಿಸಿಕೊಂಡರು.

ಹೆಜ್ಜೆ 3: ನೀರು ಮತ್ತು ಉಪ್ಪು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಚೀಲ ಹಾಕಿಸಿಕೊಂಡವರು ಮತ್ತೆ ಆಸ್ಪತ್ರೆ ಸೇರಲು ಮುಖ್ಯ ಕಾರಣಗಳಲ್ಲಿ ಒಂದು ಇದು.

ಚೀಲ ಹಾಕಿದ ಮೂರನೆಯ ವಾರ ನನಗೆ ಬಾಯಾರಿಕೆ ತಡೆಯಲಾಗುತ್ತಿರಲಿಲ್ಲ. ಮನೆಗೆ ಕಳುಹಿಸುವಾಗ ‘ನೀರು ಚೆನ್ನಾಗಿ ಕುಡಿಯಿರಿ’ ಎಂದಿದ್ದರು, ಹಾಗೆಯೇ ಚೊಂಬು ಚೊಂಬು ಕುಡಿದೆ. ಒಂದು ರಾತ್ರಿ ಎರಡೂ ಮೀನಖಂಡಗಳು ಸೆಟೆದುಕೊಂಡು ಕೂಗಿಕೊಂಡೆ. ನನ್ನ ಹೆಂಡತಿ ಹಿಂದಿನ ದಿನದ ಲೆಕ್ಕ ಕೂಡಿಸಿದಾಗ ಚೀಲದಿಂದ 2,400 ಮಿಲಿಲೀಟರ್ ಹೋಗಿತ್ತು, ಮೂತ್ರ 350 ಕೂಡ ಇರಲಿಲ್ಲ. ಮರುದಿನ ಬೇರೊಬ್ಬ ವೈದ್ಯರು ಮೂತ್ರದಲ್ಲಿ ಸೋಡಿಯಂ ಎಷ್ಟಿದೆ ಎಂದು ನೋಡಿಸಿದರು. ಅದು ಇಪ್ಪತ್ತಕ್ಕಿಂತ ಎಷ್ಟೋ ಕೆಳಗಿತ್ತು; ಅಂದರೆ ದೇಹ ಉಪ್ಪಿಗಾಗಿ ಪರದಾಡುತ್ತಿತ್ತು. ಅವರು ಹೇಳಿದ ಮೊದಲ ಮಾತೇ, ‘ಸಾದಾ ನೀರು ಕಡಿಮೆ ಮಾಡಿ’.

ಕೇಳಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ಸಣ್ಣಕರುಳಿನ ಮೇಲ್ಭಾಗದ ಗೋಡೆ ಉಪ್ಪು-ನೀರನ್ನು ಎರಡೂ ಕಡೆಗೆ ಬಿಡುವಂಥದ್ದು. ಉಪ್ಪಿಲ್ಲದ ನೀರು ಅಲ್ಲಿಗೆ ಬಂದರೆ, ರಕ್ತದಲ್ಲಿರುವ ಉಪ್ಪು ಕರುಳಿನೊಳಕ್ಕೆ ಇಳಿಯುತ್ತದೆ, ಅದರ ಹಿಂದೆಯೇ ನೀರೂ ಇಳಿಯುತ್ತದೆ. ಅದನ್ನು ಮತ್ತೆ ಹೀರಿಕೊಳ್ಳಲು ಕೆಳಗಿನ ಕರುಳಿಲ್ಲ. ಕುಡಿದದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಉಪ್ಪು ಮತ್ತು ಗ್ಲೂಕೋಸ್ ಸೇರಿ ಬಂದರೆ ಮಾತ್ರ ಕರುಳಿನ ಗೋಡೆ ಎರಡನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ, ನೀರು ಜೊತೆಗೆ ಬರುತ್ತದೆ. ಹೀಗಾಗಿ ಚೀಲದ ಪ್ರಮಾಣ ಹೆಚ್ಚಿರುವವರು ಸಾದಾ ನೀರು, ಕಾಫಿ, ಟೀ, ಹಣ್ಣಿನ ರಸ, ಎಳನೀರು ಎಲ್ಲವನ್ನೂ ಸೇರಿಸಿ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿಗೆ ಮಿತಗೊಳಿಸಿ, ಉಳಿದದ್ದನ್ನು ಓಆರ್‌ಎಸ್ ರೂಪದಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಎಳನೀರನ್ನು ನಮ್ಮವರು ಅಮೃತವೆಂದು ತಂದುಕೊಡುತ್ತಾರೆ. ಅದರಲ್ಲಿ ಪೊಟ್ಯಾಶಿಯಂ ಹೇರಳ, ಸೋಡಿಯಂ ಕಡಿಮೆ, ಆದ್ದರಿಂದ ಅದು ಓಆರ್‌ಎಸ್‌ಗೆ ಬದಲಿಯಲ್ಲ.

ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಪುಡಿ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಅದರಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಡಬ್ಬಿಯಲ್ಲಿ ಬರುವ ಸಿಹಿಯಾದ ‘ಎನರ್ಜಿ’ ಪಾನೀಯಗಳು ಬೇಡ. ಹೆಚ್ಚು ಉಪ್ಪು ಕಳೆದುಕೊಳ್ಳುವವರಿಗೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನ ದ್ರಾವಣ ಇನ್ನೂ ಸೂಕ್ತ: ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್ ಪುಡಿ, 3.5 ಗ್ರಾಂ ಅಡಿಗೆ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ. ತಣ್ಣಗೆ ಮಾಡಿ ನಿಂಬೆಯ ನಾಲ್ಕು ಹನಿ ಹಿಂಡಿದರೆ ಕುಡಿಯಲು ಸುಲಭ, 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು. ಏಕಾದಶಿಯ ನಿರಾಹಾರವನ್ನೂ ರಂಜಾನಿನ ನೀರಿಲ್ಲದ ಉಪವಾಸವನ್ನೂ ಚೀಲ ಇರುವಷ್ಟು ಕಾಲ ಬಿಡುವುದೇ ಸರಿ. ತಿನ್ನದಿದ್ದರೂ ಕರುಳಿನ ರಸಗಳು ಇಳಿಯುತ್ತಲೇ ಇರುತ್ತವೆ.

ಹೆಜ್ಜೆ 4: ಊಟ ಮತ್ತು ಮಾತ್ರೆಯ ಹೊಂದಾಣಿಕೆ

ಎಲ್ಲರಿಗೂ ಒಂದೇ ಪಥ್ಯವಿಲ್ಲ. ಮೊದಲ ಹೆಜ್ಜೆಯ ಹಾಳೆಯನ್ನು ಮುಂದಿಟ್ಟುಕೊಂಡೇ ಊಟ ನಿರ್ಧರಿಸಬೇಕು.

ಸಣ್ಣಕರುಳಿನ ಚೀಲ ಇರುವವರು ಅನ್ನ, ಸಬ್ಬಕ್ಕಿ ಗಂಜಿ, ಮೆತ್ತಗೆ ಬೆಂದ ಆಲೂಗಡ್ಡೆ, ಬಾಳೆಹಣ್ಣು, ತೆಳು ಅವಲಕ್ಕಿ, ಉಪ್ಪು ಹಾಕಿದ ಮೊಸರನ್ನದಂಥವನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. ಮೊದಲ ಆರರಿಂದ ಎಂಟು ವಾರ ಹೊರಬಂದ ಕರುಳು ಊದಿಕೊಂಡಿರುವುದರಿಂದ ನಾರು ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ನುಗ್ಗೆಕಾಯಿ, ಬಾಳೆದಿಂಡು, ಹಲಸಿನ ತೊಳೆ, ಕೊಬ್ಬರಿ ಚೂರು, ಜೋಳದ ತೆನೆ, ಅಣಬೆ, ಕಿತ್ತಳೆಯ ಸಿಪ್ಪೆಪೊರೆ ಇವು ನಮ್ಮ ಅಡಿಗೆಮನೆಯಲ್ಲಿ ಅಡ್ಡಿ ಮಾಡುವ ಪದಾರ್ಥಗಳು. ಚಟ್ನಿಯ ತೆಂಗಿನಕಾಯಿಯನ್ನು ನುಣ್ಣಗೆ ರುಬ್ಬಿ, ಸಾಧ್ಯವಾದರೆ ಹಾಲು ತೆಗೆದು ಬಳಸಿ. ಆಮೇಲೆ ಒಂದೊಂದಾಗಿ, ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ಮತ್ತೆ ಪ್ರಯತ್ನಿಸಬಹುದು. ಊಟದ ಜೊತೆಗೇ ನೀರು ಕುಡಿಯುವ ಅಭ್ಯಾಸ ಬಿಟ್ಟು, ಅರ್ಧ ಗಂಟೆಯ ಅಂತರ ಕೊಡಿ.

ಸಣ್ಣಕರುಳು ಗಿಡ್ಡವಾಗಿದ್ದು ದೊಡ್ಡಕರುಳು ಜೋಡಣೆಯಾಗಿರುವವರ ಕತೆ ಬೇರೆ. ಹೀರಿಕೆಯಾಗದ ಪಿಷ್ಟವನ್ನು ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಒಡೆದು ದೇಹಕ್ಕೆ ಶಕ್ತಿಯಾಗಿ ಕೊಡುತ್ತವೆ, ಆದ್ದರಿಂದ ಅನ್ನ-ರಾಗಿ ಹೆಚ್ಚಿರಲಿ, ಎಣ್ಣೆ-ತುಪ್ಪ ಕಡಿಮೆಯಿರಲಿ. ಇವರಿಗೆ ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಕಟ್ಟುವ ಸಂಭವವಿದೆ. ಪಾಲಕ್, ಬೀಟ್‌ರೂಟ್, ಕಡಲೆಕಾಯಿ, ಕಡು ಚಹಾ ಮಿತವಾಗಿರಲಿ. ವೈದ್ಯರು ಕ್ಯಾಲ್ಶಿಯಂ ಬರೆದಿದ್ದರೆ ಊಟದ ಜೊತೆಗೇ ತೆಗೆದುಕೊಳ್ಳಿ. ಅಪರೂಪಕ್ಕೆ, ಸಿಹಿ ಮತ್ತು ಅನ್ನ ಹೆಚ್ಚಾಗಿ ಉಂಡ ಮೇಲೆ ನಾಲಿಗೆ ತೊದಲುವುದು, ನಡಿಗೆ ತೂರಾಡುವುದು ಕಾಣಿಸಬಹುದು. ಕುಡಿದು ಬಂದಿದ್ದಾನೆಂದು ಮನೆಯವರೇ ತಪ್ಪು ತಿಳಿದ ಸಂಗತಿಯನ್ನು ನನ್ನ ವಾರ್ಡಿನಲ್ಲಿದ್ದ ಒಬ್ಬರು ಕಣ್ಣೀರು ತುಂಬಿ ಹೇಳಿಕೊಂಡಿದ್ದರು. ಅದು ಕರುಳಿನಲ್ಲಿ ಉತ್ಪತ್ತಿಯಾಗುವ ಒಂದು ಬಗೆಯ ಲ್ಯಾಕ್ಟಿಕ್ ಆಮ್ಲದ ಪರಿಣಾಮ. ತಕ್ಷಣ ಆಸ್ಪತ್ರೆಗೆ ಹೋಗಿ, ಗಿಡ್ಡಕರುಳಿನ ವಿಷಯವನ್ನು ಮೊದಲು ಹೇಳಬೇಕು.

ಮಾತ್ರೆಗಳಲ್ಲಿ ಮುಖ್ಯವಾದದ್ದು ಬೇಧಿ ತಡೆಯುವ ಲೋಪೆರಮೈಡ್. ಬೇಧಿಯಾದ ಮೇಲೆ ನುಂಗುವುದು ನಮ್ಮ ರೂಢಿ. ಇಲ್ಲಿ ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಬೇಕು. 2 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎಂಟನ್ನು ಮೀರಬಾರದು ಎಂಬುದು ಸಾಮಾನ್ಯ ಮಿತಿ. ತಜ್ಞರು ಕೆಲವೊಮ್ಮೆ ಅದಕ್ಕೂ ಹೆಚ್ಚು ಕೊಡುತ್ತಾರೆ, ಆಗ ಹೃದಯದ ಬಡಿತ ಏರುಪೇರಾಗದಂತೆ ಇಸಿಜಿ ನೋಡಬೇಕು. ಸಣ್ಣಕರುಳಿನ ಕೊನೆಯ ಭಾಗ ತೆಗೆದಿದ್ದರೆ ಪಿತ್ತದ ಲವಣಗಳು ದೊಡ್ಡಕರುಳಿಗೆ ಹರಿದು ಬೇಧಿ ಮಾಡಿಸುತ್ತವೆ, ಅದಕ್ಕೆ ಕೊಲೆಸ್ಟೈರಮೈನ್ ಎಂಬ ಪುಡಿ ಒಳ್ಳೆಯದು. ಆದರೆ 100 ಸೆಂಟಿಮೀಟರಿಗಿಂತ ಹೆಚ್ಚು ಹೋಗಿದ್ದರೆ ಅದೇ ಪುಡಿಯಿಂದ ಕೊಬ್ಬಿನ ಬೇಧಿ ಹೆಚ್ಚಬಹುದು. ಬೇರೆ ಮಾತ್ರೆಗಳನ್ನು ಈ ಪುಡಿಗೆ ಒಂದು ಗಂಟೆ ಮೊದಲೋ ನಾಲ್ಕರಿಂದ ಆರು ಗಂಟೆ ನಂತರವೋ ನುಂಗಬೇಕು. ಬಿಪಿ, ಸಕ್ಕರೆ ಕಾಯಿಲೆಯ ನಿಧಾನವಾಗಿ ಕರಗುವ ಮಾತ್ರೆಗಳು ಚೀಲದಲ್ಲಿ ಇಡಿಯಾಗಿ ಬಂದದ್ದನ್ನು ಕಂಡರೆ ವೈದ್ಯರಿಗೆ ತಿಳಿಸಿ, ಬೇರೆ ರೂಪಕ್ಕೆ ಬದಲಿಸಿಕೊಡುತ್ತಾರೆ.

ರಕ್ತಪರೀಕ್ಷೆಯನ್ನು ಮರೆಯುವುದು ಬಹಳ ಸುಲಭ. ಸೋಡಿಯಂ, ಪೊಟ್ಯಾಶಿಯಂ, ಕ್ರಿಯಾಟಿನಿನ್ ಎಲ್ಲರೂ ನೋಡುತ್ತಾರೆ. ಮೆಗ್ನೀಶಿಯಂ ಕೇಳಿ ಮಾಡಿಸಬೇಕು. ಸಣ್ಣಕರುಳಿನ ಕೊನೆಯ 60 ಸೆಂಟಿಮೀಟರ್ ಇಲ್ಲದವರಿಗೆ ಬಿ12 ಚುಚ್ಚುಮದ್ದು ಜೀವನಪರ್ಯಂತ ಬೇಕು. ಕಬ್ಬಿಣ, ಡಿ ಜೀವಸತ್ವ, ಸತುವನ್ನು ವೈದ್ಯರು ಹೇಳಿದ ಅಂತರದಲ್ಲಿ ನೋಡಿಸಿ.

ಹೆಜ್ಜೆ 5: ಗುದನಾಳವಿಲ್ಲದವರು ಮಾಡಬೇಕಾದ್ದು

ಚೀಲ ಮುಚ್ಚಿದ ನಂತರದ ತೊಂದರೆ ಮೊದಲ ಒಂದೆರಡು ವರ್ಷಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತ ಬರುತ್ತದೆ. ಹೊಸ ‘ಗುದನಾಳ’ ಹಿಗ್ಗಲು ಕಲಿಯುವ ಕಾಲವದು. ಆದರೆ ಕೈಕಟ್ಟಿ ಕಾಯುವುದೇ ಚಿಕಿತ್ಸೆಯಲ್ಲ. ಊಟಕ್ಕೆ ಮುಂಚೆ ಲೋಪೆರಮೈಡ್, ಸ್ವಲ್ಪವೇ ನೀರಿನಲ್ಲಿ ಕಲಸಿದ ಇಸಬ್‌ಗೋಲ್, ಗುದದ್ವಾರದ ಸ್ನಾಯುಗಳಿಗೆ ಫಿಸಿಯೋಥೆರಪಿಸ್ಟ್ ಕಲಿಸುವ ವ್ಯಾಯಾಮ ಮತ್ತು ಸ್ನಾಯು ಸರಿಯಾಗಿ ಬಿಗಿಯುತ್ತಿದೆಯೇ ಎಂದು ಯಂತ್ರದಲ್ಲಿ ನೋಡಿ ಕಲಿಯುವ ಬಯೋಫೀಡ್‌ಬ್ಯಾಕ್ – ಇವು ಮೊದಲ ಸಾಲಿನವು. ಬಿಗಿಹಿಡಿಯುವ ವ್ಯಾಯಾಮವನ್ನು ಪುಸ್ತಕ ನೋಡಿ ಮಾಡಿದೆ, ಫಲ ಸಿಗಲಿಲ್ಲ. ತರಬೇತಿ ಪಡೆದವರು ಸ್ನಾಯು ಯಾವುದೆಂದು ತೋರಿಸಿದಾಗ, ಅಷ್ಟು ದಿನ ಹೊಟ್ಟೆಯನ್ನು ಬಿಗಿಹಿಡಿಯುತ್ತಿದ್ದೆ ಎಂದು ತಿಳಿಯಿತು.

ಇವುಗಳಿಂದ ಸಾಲದವರಿಗೆ ನನ್ನ ಪ್ರಕಾರ ಅತ್ಯಂತ ಉಪಯುಕ್ತವಾದದ್ದು ಗುದದ ಮೂಲಕ ನೀರು ಹಾಯಿಸಿ ದೊಡ್ಡಕರುಳಿನ ಕೆಳಭಾಗವನ್ನು ಒಮ್ಮೆಗೇ ಖಾಲಿ ಮಾಡುವ ಕ್ರಮ. ಉಗುರುಬೆಚ್ಚಗಿನ ನೀರನ್ನು ಸ್ವಲ್ಪದಿಂದ ಆರಂಭಿಸಿ, ಸಾಮಾನ್ಯವಾಗಿ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ, ಇದಕ್ಕೆಂದೇ ಮಾಡಿದ ಸಲಕರಣೆಯಿಂದ ಹಾಯಿಸುತ್ತಾರೆ. ಬೆಳಿಗ್ಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಆಮೇಲೆ ಹಗಲೆಲ್ಲ ನೆಮ್ಮದಿ. ಅಪರೂಪಕ್ಕಾದರೂ ಕರುಳಿಗೆ ತೂತಾಗುವ ಅಪಾಯವಿರುವುದರಿಂದ ಹೊಲಿಗೆ ಪೂರ್ತಿ ಮಾಯ್ದಿದೆಯೆಂದು ಶಸ್ತ್ರಚಿಕಿತ್ಸಕರು ಖಚಿತಪಡಿಸಿದ ಮೇಲೆ, ಸ್ಟೋಮಾ (ಹೊಟ್ಟೆಯ ಮೇಲೆ ಹೊರತಂದ ಕರುಳಿನ ಬಾಯಿ) ನೋಡಿಕೊಳ್ಳಲು ತರಬೇತಾದ ನರ್ಸ್ ಎದುರು ಕಲಿತೇ ಶುರುಮಾಡಬೇಕು. ಹತ್ತನೆಯ ತಿಂಗಳಲ್ಲಿ ಇದನ್ನು ಆರಂಭಿಸಿದ ನಾನು ಆರು ವಾರಗಳಲ್ಲಿ ಮಧ್ಯೆ ಎದ್ದುಹೋಗದೆ ಮೂರು ತರಗತಿ ಮುಗಿಸಿದೆ.

ಚರ್ಮದ ಬಗ್ಗೆ ಎರಡು ಮಾತು. ನಮ್ಮಲ್ಲಿ ನೀರಿನಿಂದ ತೊಳೆಯುವ ಅಭ್ಯಾಸವಿರುವುದು ಒಳ್ಳೆಯದೇ. ಸೋಪು ಹಚ್ಚದೆ, ಉಜ್ಜದೆ, ಮೆತ್ತನೆಯ ಬಟ್ಟೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ತೆಳ್ಳಗೆ ಸವರಿ. ಚೀಲ ಇರುವವರು ಅಂಟುಫಲಕದ ರಂಧ್ರವನ್ನು ಸ್ಟೋಮಾಗಿಂತ ಎರಡು-ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಮೊದಲ ವಾರಗಳಲ್ಲಿ ಸ್ಟೋಮಾ ಕುಗ್ಗುತ್ತ ಹೋಗುವುದರಿಂದ ಅಳತೆಯನ್ನು ಮತ್ತೆ ಮತ್ತೆ ನೋಡಬೇಕು. ಹಳೆಯ ಅಳತೆಗೇ ಕತ್ತರಿಸಿದರೆ ಸುತ್ತಲ ಚರ್ಮ ಸುಟ್ಟಂತಾಗುತ್ತದೆ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಚೀಲಕ್ಕೆ ನಾಲ್ಕರಿಂದ ಆರು ಗಂಟೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾಗುವುದು, ಸ್ಟೋಮಾ ಕಪ್ಪಾಗುವುದು, ಜ್ವರದೊಡನೆ ಹೊಟ್ಟೆನೋವು, ರಕ್ತ ಹೋಗುವುದು, ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುವುದು, ಮೂತ್ರ ತೀರ ಕಡಿಮೆಯಾಗುವುದು. ಹೊಟ್ಟೆ ಕಟ್ಟಿದೆಯೆಂದು ಬೇಧಿಮಾತ್ರೆಯನ್ನಾಗಲಿ ಹರಳೆಣ್ಣೆಯನ್ನಾಗಲಿ ಕೊಡಬೇಡಿ.

ಹೆಜ್ಜೆ 6: ಮರುಜೋಡಣೆಯ ದಾರಿಗಳು

ಯಾವ ದಾರಿ ಎನ್ನುವುದು ಯಾವ ಕರುಳು ಉಳಿದಿದೆ ಎನ್ನುವುದರ ಮೇಲೆ ನಿಂತಿದೆ.

ತಾತ್ಕಾಲಿಕವಾಗಿ ಸಣ್ಣಕರುಳಿನ ಮಡಿಕೆಯನ್ನು ಹೊರತಂದಿದ್ದರೆ ಅದನ್ನು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರಗಳ ನಂತರ ಮುಚ್ಚುತ್ತಾರೆ. ಕಿಮೋಥೆರಪಿ ಇದ್ದರೆ ಮುಂದೂಡುತ್ತಾರೆ. ಮುಚ್ಚುವ ಮೊದಲು ಕೆಳಗಿನ ಹೊಲಿಗೆ ಸೋರುತ್ತಿಲ್ಲ, ಕಿರಿದಾಗಿಲ್ಲ ಎಂದು ಬೆರಳಿನ ಪರೀಕ್ಷೆ, ಎಂಡೋಸ್ಕೋಪಿ, ಎಕ್ಸ್-ರೇ ದ್ರಾವಣದ ಪರೀಕ್ಷೆಗಳಿಂದ ನೋಡಿಕೊಳ್ಳಬೇಕು. ಗುದದ್ವಾರದ ಬಿಗಿತ ಸಾಲದಿದ್ದರೆ ಮುಚ್ಚಿದ ಮೇಲೆ ಏನಾಗಬಹುದೆಂದು ಆಗಲೇ ಮಾತಾಡಬೇಕು. ನನ್ನೊಂದಿಗೆ ಯಾರೂ ಆ ಮಾತು ಆಡಲಿಲ್ಲ, ಅದೇ ನನಗೆ ಇಂದಿಗೂ ಉಳಿದಿರುವ ನೋವು.

ದೊಡ್ಡಕರುಳು ಒಡೆದು ತುರ್ತಿನಲ್ಲಿ ಒಂದು ಭಾಗ ತೆಗೆದು, ಕೆಳತುದಿಯನ್ನು ಹೊಲಿದು ಒಳಗೇ ಬಿಟ್ಟು, ಮೇಲ್ತುದಿಯನ್ನು ಹೊಟ್ಟೆಗೆ ತರುವ ಕ್ರಮಕ್ಕೆ ಹಾರ್ಟ್‌ಮನ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ; 1921ರಲ್ಲಿ ಫ್ರಾನ್ಸಿನ ಹೆನ್ರಿ ಹಾರ್ಟ್‌ಮನ್ ಅದನ್ನು ವಿವರಿಸಿದರು. ಇದರ ಮರುಜೋಡಣೆ ಮಡಿಕೆ ಮುಚ್ಚಿದಷ್ಟು ಸಣ್ಣ ಕೆಲಸವಲ್ಲ. ಹೊಟ್ಟೆಯೊಳಗಿನ ಅಂಟುಗಳು ಸಡಿಲಲು ಮೂರರಿಂದ ಆರು ತಿಂಗಳು ಕಾಯುತ್ತಾರೆ, ಮತ್ತು ವಯಸ್ಸು, ಹೃದಯ-ಶ್ವಾಸಕೋಶದ ಸ್ಥಿತಿಯಿಂದಾಗಿ ಅನೇಕರಿಗೆ ಅದು ಆಗುವುದೇ ಇಲ್ಲ.

ಗಿಡ್ಡಕರುಳು ಚೀಲಕ್ಕೆ ಮುಗಿದಿದ್ದು, ಒಳಗೆ ದೊಡ್ಡಕರುಳು ಕೆಲಸವಿಲ್ಲದೆ ಉಳಿದಿರುವವರಿದ್ದಾರೆ. ಇಂಥವರಿಗೆ ಮೊದಲು ಕೇಳಬೇಕಾದ ಪ್ರಶ್ನೆ, ‘ಇದನ್ನು ಮತ್ತೆ ಜೋಡಿಸಬಹುದೇ?’ ಎಂಬುದು. ಜೋಡಣೆಯಾದರೆ ನೀರು, ಉಪ್ಪು, ಶಕ್ತಿ ಮೂರೂ ಉಳಿಯುತ್ತವೆ. ರಕ್ತನಾಳದ ಪೋಷಣೆಯ ಚೀಲಗಳು ವಾರಕ್ಕೆ ಕಡಿಮೆಯಾಗಬಹುದು, ಕೆಲವರಿಗೆ ನಿಂತೇ ಹೋಗಬಹುದು. ಕರುಳನ್ನು ಉದ್ದಗೊಳಿಸುವ ಶಸ್ತ್ರಚಿಕಿತ್ಸೆಗಳೂ ಇವೆ. 1980ರಲ್ಲಿ ಬಿಯಾಂಕಿ ವಿವರಿಸಿದ ಕ್ರಮದಲ್ಲಿ ಹಿಗ್ಗಿದ ಕರುಳನ್ನು ಉದ್ದುದ್ದಕ್ಕೆ ಸೀಳಿ ಎರಡು ಕೊಳವೆ ಮಾಡಿ ಒಂದರ ಮುಂದೊಂದು ಜೋಡಿಸುತ್ತಾರೆ. 2003ರಲ್ಲಿ ಬಾಸ್ಟನ್ನಿನಿಂದ ಬಂದ ‘ಸ್ಟೆಪ್’ ಕ್ರಮದಲ್ಲಿ ಎರಡೂ ಬದಿಯಿಂದ ಸರದಿಯಂತೆ ಸ್ಟೇಪ್ಲರ್ ಹಾಕಿ ಅಗಲವಾದ ಕೊಳವೆಯನ್ನು ಅಂಕುಡೊಂಕಾದ ಉದ್ದ ಕೊಳವೆಯಾಗಿಸುತ್ತಾರೆ. ಎರಡಕ್ಕೂ ಕರುಳು ಮೊದಲೇ ಹಿಗ್ಗಿರಬೇಕು, ಇವು ಹೆಚ್ಚಾಗಿ ಮಕ್ಕಳಲ್ಲಿ ಬಳಕೆಯಾಗುತ್ತವೆ. ಉಳಿದ ಕರುಳು ತಾನಾಗಿಯೇ ಹೊಂದಿಕೊಳ್ಳುವುದು ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲಿ, ಆದ್ದರಿಂದ ಅವಸರ ಬೇಡ. ಟೆಡುಗ್ಲುಟೈಡ್ ಎಂಬ ಚುಚ್ಚುಮದ್ದು 2012ರಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. ಕರುಳಿನ ಒಳಪದರವನ್ನು ಬೆಳೆಸುತ್ತದೆ, ಬಲು ದುಬಾರಿ, ಜೀರ್ಣಾಂಗದ ಕ್ಯಾನ್ಸರ್ ಇರುವವರಿಗೆ ಕೊಡುವಂತಿಲ್ಲ. ಪೋಷಣೆ ಹರಿಸುವ ದೊಡ್ಡ ರಕ್ತನಾಳಗಳೇ ಮುಚ್ಚಿಹೋದಾಗ, ಯಕೃತ್ತು ಕೆಡತೊಡಗಿದಾಗ, ನಳಿಕೆಯ ಸೋಂಕು ಪದೇಪದೇ ಪ್ರಾಣಾಪಾಯ ತಂದಾಗ ಕರುಳಿನ ಕಸಿಯ ವಿಚಾರ ಬರುತ್ತದೆ. ಕರ್ನಾಟಕದಲ್ಲಿ ಮೃತದಾನಿಗಳ ಅಂಗಾಂಗ ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ.

ದೊಡ್ಡಕರುಳಿನ ಒಳಪದರ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ಗಾಗಿ ದೊಡ್ಡಕರುಳನ್ನೂ ಗುದನಾಳವನ್ನೂ ಪೂರ್ತಿ ತೆಗೆದವರಿಗೆ ಸಣ್ಣಕರುಳಿನ ತುದಿಯನ್ನೇ ಮಡಿಚಿ ಒಳಚೀಲ ಮಾಡಿ ಗುದದ್ವಾರಕ್ಕೆ ಜೋಡಿಸುವ ದಾರಿಯಿದೆ. ಪಾರ್ಕ್ಸ್ ಮತ್ತು ನಿಕೋಲ್ಸ್ 1978ರಲ್ಲಿ ಇದನ್ನು ವರದಿ ಮಾಡಿದರು. ಎರಡು ಅಥವಾ ಮೂರು ಹಂತಗಳಲ್ಲಿ ಮಾಡುತ್ತಾರೆ. ನೆಲೆಗೊಂಡ ಮೇಲೂ ದಿನಕ್ಕೆ ಐದಾರು ಬಾರಿ ಹೋಗಬೇಕಾಗುತ್ತದೆ. ಒಳಚೀಲ ಉರಿಯೂತಗೊಂಡು ಆಂಟಿಬಯೋಟಿಕ್ ಬೇಕಾಗುವುದು ಸಾಮಾನ್ಯ. ಕರುಳಿನ ಯಾವ ಭಾಗಕ್ಕಾದರೂ ಉರಿಯೂತ ಬರಬಹುದಾದ ಕ್ರೋನ್ಸ್ ಕಾಯಿಲೆಯವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಮಕ್ಕಳಾಗಬೇಕೆಂದಿರುವ ಹೆಣ್ಣುಮಕ್ಕಳು ಗರ್ಭಧಾರಣೆಯ ಸಂಭವ ಕಡಿಮೆಯಾಗುವ ವಿಷಯವನ್ನು ಮೊದಲೇ ಚರ್ಚಿಸಬೇಕು. ಗುದದ್ವಾರ ಉಳಿಯದವರಿಗಾಗಿ ಸ್ವೀಡನ್ನಿನ ನಿಲ್ಸ್ ಕಾಕ್ 1969ರಲ್ಲಿ ವಿವರಿಸಿದ, ಹೊಟ್ಟೆಯೊಳಗೇ ಕವಾಟವಿರುವ ಚೀಲದ ಕ್ರಮವೂ ಇದೆ. ಅದನ್ನು ಮಾಡುವವರು ಈಗ ಕೆಲವರೇ.

ನನ್ನಂಥ ಲಾರ್ಸ್ ರೋಗಿಗಳಿಗೆ ಹೊಲಿಗೆ ಕಿರಿದಾಗಿದ್ದರೆ ಬಲೂನಿನಿಂದ ಹಿಗ್ಗಿಸುವುದೇ ಸಾಕಾಗಬಹುದು. ಅದಿಲ್ಲದಿದ್ದರೆ ಬೆನ್ನಿನ ಕೆಳಗಿನ ನರಕ್ಕೆ ಸಣ್ಣ ವಿದ್ಯುತ್ ಕೊಡುವ ಸಾಧನವನ್ನು ಮೊದಲು ಕೆಲವು ವಾರ ತಾತ್ಕಾಲಿಕವಾಗಿ ಹಾಕಿ, ಅರ್ಧದಷ್ಟಾದರೂ ಗುಣ ಕಂಡರೆ ಮಾತ್ರ ಶಾಶ್ವತವಾಗಿ ಅಳವಡಿಸುತ್ತಾರೆ. ಎಲ್ಲವೂ ಸೋತರೆ ದೊಡ್ಡಕರುಳಿನ ತುದಿಯನ್ನು ಹೊಟ್ಟೆಗೆ ತಂದು ಅಂಟಿಸುವ ಶಾಶ್ವತ ಕೊಲೊಸ್ಟಮಿ ಚೀಲ ಉಳಿದಿದೆ. ಅದನ್ನು ಸೋಲೆಂದು ಎಣಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮನೆಯಿಂದ ಹೊರಬರಲಾಗದೆ ಎರಡು ವರ್ಷ ಕಳೆದಿದ್ದ ಒಬ್ಬ ಹೆಣ್ಣುಮಗಳು ಚೀಲ ಹಾಕಿಸಿಕೊಂಡ ಮೇಲೆ ಮಗಳ ಮದುವೆಯಲ್ಲಿ ಧಾರೆ ಎರೆದು ಬಂದದ್ದನ್ನು ನಾನು ಬಲ್ಲೆ.

ಹೆಜ್ಜೆ 7: ಎರಡನೆಯ ಅಭಿಪ್ರಾಯ, ಖರ್ಚು, ಕೇಳಬೇಕಾದ ಪ್ರಶ್ನೆಗಳು

ಜನರಲ್ ಸರ್ಜನ್ ಅಲ್ಲದೆ ಕರುಳಿನ ಶಸ್ತ್ರಚಿಕಿತ್ಸೆಯಲ್ಲೇ ಪರಿಣತರಾದವರನ್ನು, ಸಾಧ್ಯವಾದರೆ ಪೌಷ್ಟಿಕ ತಜ್ಞರೂ ಸ್ಟೋಮಾ ನರ್ಸೂ ಇರುವ ಕಡೆ, ಕಾಣಿರಿ. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜೀರ್ಣಾಂಗ ಹಾಗೂ ಅಂಗಾಂಗ ಕಸಿಗೆ ಮೀಸಲಾದ ಸಂಸ್ಥೆಯಿದೆ. ಕ್ಯಾನ್ಸರ್ ರೋಗಿಗಳಿಗೆ ಕಿದ್ವಾಯಿ ಆಸ್ಪತ್ರೆಯಿದೆ. ಮುಂಬೈ ಮೂಲದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಚೀಲ ಇರುವವರಿಗಾಗಿಯೇ ಇರುವ ಸಂಘ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ನಿಮ್ಮ ಶಸ್ತ್ರಚಿಕಿತ್ಸೆಯ ನಿಖರ ಹೆಸರು ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಚೀಲಗಳ ತಿಂಗಳ ಖರ್ಚನ್ನು ಬೇರೆಯಾಗಿ ಲೆಕ್ಕ ಹಾಕಿಡಿ.

ಶಸ್ತ್ರಚಿಕಿತ್ಸಕರ ಎದುರು ಹೀಗೆ ಕೇಳಿ: ಈ ಶಸ್ತ್ರಚಿಕಿತ್ಸೆಯನ್ನು ನೀವು ವರ್ಷಕ್ಕೆ ಎಷ್ಟು ಬಾರಿ ಮಾಡುತ್ತೀರಿ? ನನ್ನ ನೋಟುಬುಕ್ಕಿನ ಯಾವ ತೊಂದರೆ ಇದರಿಂದ ಕಡಿಮೆಯಾಗುತ್ತದೆ, ಯಾವುದು ಆಗುವುದಿಲ್ಲ? ಹೊಲಿಗೆ ಬಿಟ್ಟುಕೊಂಡರೆ ಏನು ಮಾಡುತ್ತೀರಿ? ಇನ್ನಷ್ಟು ಕರುಳು ಕಳೆದುಕೊಳ್ಳುವ ಸಂಭವವಿದೆಯೇ? ಆರು ತಿಂಗಳು ತಡೆದರೆ ನಷ್ಟವೇನು? ಕೊನೆಯ ಪ್ರಶ್ನೆಗೆ ‘ಏನೂ ಇಲ್ಲ’ ಎಂಬ ಉತ್ತರ ಬಂದರೆ ಆ ಆರು ತಿಂಗಳನ್ನು ತೂಕ, ರಕ್ತ, ಮೆಗ್ನೀಶಿಯಂ ಸರಿಪಡಿಸಿಕೊಳ್ಳಲು ಬಳಸಿ. ತಂಬಾಕು, ಬೀಡಿ ಇದ್ದರೆ ಈಗಲೇ ಬಿಡಬೇಕು, ಏಕೆಂದರೆ ಅದು ಹೊಲಿಗೆ ಮಾಯಲು ಬಿಡುವುದಿಲ್ಲ.

ಜೋಡಣೆಯಾಗಿ ಮನೆಗೆ ಬಂದ ಮೇಲೆ ಮತ್ತೆ ಅದೇ ನೋಟುಬುಕ್ಕನ್ನು ಹಿಡಿಯಿರಿ. ಮೊದಲ ವಾರಗಳಲ್ಲಿ ಎಷ್ಟು ಸಲ ಹೋದಿರಿ ಎಂಬುದಕ್ಕೆ ಗಾಬರಿಯಾಗದೆ, ಮೂರನೆಯ, ಆರನೆಯ ಮತ್ತು ಹನ್ನೆರಡನೆಯ ತಿಂಗಳಿನಲ್ಲಿ ಐದು ಪ್ರಶ್ನೆಗಳ ಅಂಕವನ್ನು ಬರೆದು ವೈದ್ಯರಿಗೆ ತೋರಿಸಿ. ನನ್ನದು 39ರಿಂದ 31ಕ್ಕೆ, ಆಮೇಲೆ 24ಕ್ಕೆ ಬಂದಿದೆ. ಆಪರೇಷನ್ ನೋಟಿನ ಒಂದು ಪ್ರತಿ ಮತ್ತು ಆ ನಾಲ್ಕು ಗೆರೆಯ ಚಿತ್ರವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ರಾತ್ರಿ ಹೊತ್ತಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುವವರ ಕೈಗೆ ಸಿಗಲೆಂದು, ಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇವೆ.